ಯಾರ ಹೆಸರಿನ ದಾರ

ಬಿಂದುಶ್ರೀ ಎಂಬ ಹೆಂಗಸು ಎಲ್ಲೂ ಇಲ್ಲ. ಅವಳನ್ನು ನಾನೇ ಒಂದು ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತಾ ಹುಟ್ಟಿಸಿದ್ದು. ಆದರೂ ಹೋದ ಶ್ರಾವಣದಲ್ಲಿ, ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲವಲ್ಲ ಎಂದು ನನಗೇ ಚಿಂತೆ ಹತ್ತಿಕೊಂಡಿತು. ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, ಡಾಕ್ಟರಿಗೆ ತೋರಿಸಿದರೋ ಇಲ್ಲವೋ ಎಂದು ಯೋಚಿಸುತ್ತಾ ನಿಂತುಬಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂದು ಸೌಟು ಎತ್ತಿ ಕುಕ್ಕಿದೆ. ನನಗೆ ಸಿಟ್ಟು ಬಂದರೆ ಏಟು ತಿನ್ನುವುದು ಪಾತ್ರೆಗಳೇ.

ನನ್ನ ಹೆಸರು ಮಧುಶ್ರೀ. ತವರು ಹಾಸನೂರು. ಜೀರಹಳ್ಳಿ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದು ಏಳು ವರ್ಷವಾಯಿತು. ಮನೆಯಲ್ಲಿರುವವರು ಮೂರೇ ಜನ: ಕೋಸು, ಸಣ್ಣೀರುಳ್ಳಿ ಬೆಳೆಯುವ ನನ್ನ ಗಂಡ ವೃಷಭೇಂದ್ರ, ಅತ್ತೆ ಶಿವನಂಜಮ್ಮ, ಮತ್ತೆ ನಾನು. ಎರಡು ವರ್ಷದ ಹಿಂದೆ ತಾಳವಾಡಿಯಲ್ಲಿ ಹೆಂಗಸರ ಸಂಘದವರು ಮಣ್ಣಿನ ಒಡವೆ ಮಾಡುವುದನ್ನು ಮೂರು ದಿನ ಹೇಳಿಕೊಟ್ಟರು. ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆಂದು ಯಾರೋ ಹೇಳಿದ್ದಕ್ಕೆ ಹೋದವಳು ನಾನು. ಊಟ ಸುಮಾರಾಗಿತ್ತು. ಆದರೆ ಮಣ್ಣು ಕೈಗೆ ಹತ್ತಿತು.

ಕೆರೆಯ ಮಣ್ಣು ತಂದು, ನೆನೆಸಿ, ಹಳೇ ಸೀರೆಯಲ್ಲಿ ಸೋಸಿ, ಮಣಿ ಕಟ್ಟುತ್ತಿದ್ದೆ. ಪೊರಕೆ ಕಡ್ಡಿಯಲ್ಲಿ ತೂತು ಹಾಕಿ, ನೆರಳಲ್ಲಿ ಒಂದು ವಾರ ಒಣಗಿಸಿ, ಕಿಲುಬು ಹಿಡಿದ ಕಬ್ಬಿಣದ ಬಕೆಟ್ಟಿನಲ್ಲಿ ಬೆರಣಿ ತುಂಬಿ ಸುಡುತ್ತಿದ್ದೆ. ಹತ್ತಕ್ಕೆ ಮೂರು ಒಡೆಯುತ್ತಿದ್ದವು. ಉಳಿದವಕ್ಕೆ ಬಣ್ಣ ಹಚ್ಚಿ ಓಲೆ, ಜುಮುಕಿ, ಹಾರ ಮಾಡುತ್ತಿದ್ದೆ. ನನ್ನ ಹಾರದ ಪದಕ ಗಿಳಿ. ಯಾಕೆ ಗಿಳಿ ಎಂದರೆ, ನವಿಲು ಮಾಡಲು ಹೋದದ್ದು ಹಾಗಾಯಿತು. ಅದನ್ನೇ ಜನ ಮೆಚ್ಚಿಕೊಂಡರು. ಸತ್ಯಮಂಗಲದಲ್ಲಿ ಒಡವೆ ಅಂಗಡಿ ಇಟ್ಟಿರುವ ಪರಿಮಳಕ್ಕ ಫೋನಿನಲ್ಲಿ ಫೋಟೋ ನೋಡಿ, ಗಿಳಿ ಎಷ್ಟಿದ್ದರೂ ಕಳಿಸು ಎಂದರು.

ತೊಂದರೆ ಕೊಟ್ಟಿದ್ದು ದಾರ. ಪೇಟೆಯ ಕಪ್ಪು ದಾರಕ್ಕೆ ಗಿಳಿ ಪೋಣಿಸಿ ಕೊಟ್ಟರೆ ಬೆವರಿಗೆ ಬಣ್ಣ ಬಿಡುತ್ತಿತ್ತು. ತಾಳವಾಡಿಯ ಟೀಚರ್ ಲೋಕೇಶ್ವರಿ ಒಂದು ದಿನ ಮನೆಗೇ ಬಂದು ಕುತ್ತಿಗೆ ತೋರಿಸಿದರು. ಸುತ್ತಲೂ ಮಸಿ ಬಳಿದ ಹಾಗೆ ಕರೀ ಗೆರೆ.

"ಮೂರು ಸಲ ಸೋಪಾಕಿ ತಿಕ್ಕಿವ್ನಿ, ಓಗಿಲ್ಲ ಕಣ್ ಮಧು. ಸ್ಕೂಲಲ್ಲಿ ಮಕ್ಳೆಲ್ಲ ಏನ್ ಮಿಸ್ ಅದು ಅಂತಾವೆ. ಗಿಳಿ ಚೆನ್ನಾಗದೆ, ನಂಗೆ ಬೇಕು. ದಾರ ಮಾತ್ರ ಬದ್ಲಾಯ್ಸ್ ಕೊಡು," ಎಂದು ಹಾರ ಕೈಗಿಟ್ಟು ಹೋದರು.

ಆ ಹಾರ ಹಿಡಿದುಕೊಂಡು ಒಳಗೆ ಬಂದೆ. ಅತ್ತೆ ಹಲಗೆಯ ಮೇಲೆ ಕೂತು ಶಿವದಾರ ಹೊಸೆಯುತ್ತಿದ್ದರು. ನಮ್ಮವರು ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ದಾರ ಅದು. ಒಂಬತ್ತು ಎಳೆ ಹತ್ತಿ ನೂಲನ್ನು ಸೇರಿಸಿ, ಮೊಣಕಾಲಿನ ಕೆಳಗೆ ಕಾಲ ಮೇಲಿಟ್ಟು ಅಂಗೈಯಲ್ಲಿ ಉಜ್ಜಿ ಉಜ್ಜಿ ಹುರಿ ಮಾಡುತ್ತಾರೆ. ಮೆತ್ತಗಿರುತ್ತದೆ, ಕತ್ತು ಕೊರೆಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಸುತ್ತಲ ನಾಕು ಊರಿನ ನಮ್ಮ ಜನಕ್ಕೆಲ್ಲ ಅತ್ತೆಯದೇ ದಾರ. ಒಂದು ಕಾಸು ಮುಟ್ಟುವುದಿಲ್ಲ.

"ಅತ್ತೆ, ಒಂದು ದಾರ ಒಸ್ದು ಕೊಟ್ಟೀರಾ?" ಎಂದೆ.

ಅತ್ತೆಯ ಮುಖ ಅರಳಿತು. "ನಿಂಗಾ?"

ನನ್ನ ಲಿಂಗ ಮದುವೆಯಾದ ಮೂರನೇ ತಿಂಗಳಿಂದ ದೇವರ ಗೂಡಿನಲ್ಲಿದೆ. ಮೊದಲು ಕೆಲಸದಲ್ಲಿ ತೊಡಕಾಗುತ್ತದೆ ಎಂದು ತೆಗೆದಿಟ್ಟದ್ದು, ಆಮೇಲೆ ಕಟ್ಟಿಕೊಳ್ಳಲೇ ಇಲ್ಲ. ಅತ್ತೆ ಒಂದು ದಿನವೂ ಕೇಳಿದವರಲ್ಲ. ಕೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

"ನಂಗಲ್ಲ. ಒಬ್ರು ಕೇಳುದ್ರು."

"ಯಾರವ್ವ? ಎಸ್ರೇನು?"

"ಎಸ್ರ್ಯಾಕತ್ತೆ?"

"ಎಸ್ರಿಲ್ದೆ ದಾರ ಒಸಿಯಾದಾ? ಯಾರ ಎದೆ ಮ್ಯಾಲೆ ಕೂರಾದು ಅಂತ ಅದ್ಕೆ ಗೊತ್ತಾಗ್ಬ್ಯಾಡ್ವಾ? ಎಸ್ರು ಬೇಕು, ಅಳ್ತೆ ಬೇಕು. ಅಳ್ತೆ ಅಂದ್ರೆ ಅವ್ರೇ ಬಂದು ಮುಂದೆ ನಿಂತ್ಕೊಬೇಕು. ನನ್ ಗೇಣಲ್ಲಿ ಇಡೀಬೇಕು."

"ಅವ್ರು ದೂರ್ದೋರು ಅತ್ತೆ. ಬರಕ್ಕಾಗಲ್ಲ, ಎರಡು ಗೇಣು ಇಡೀರಿ ಸಾಕು. ಎಸ್ರು ಲೋಕೇಶ್ವರಿ. ಟೀಚರ್ರು."

ಅಲ್ಲಿಗೆ ಒಂದು ಸುಳ್ಳಾಯಿತು, ದೂರದವರು ಎಂದದ್ದು. ಹೆಸರು ಕೇಳಿ ಅತ್ತೆ ನಮ್ಮ ಪೈಕಿ ಎಂದುಕೊಂಡರು. ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮಣ್ಣಿನ ಗಿಳಿಗೆ ಎಂದರೆ ಅವರು ಹೊಸೆಯುವುದಿಲ್ಲವೆಂಬ ಹೆದರಿಕೆ ನನಗೆ. ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಂದೊಂದು ಸಲ ಉಜ್ಜುವಾಗಲೂ ಶಿವನ ಹೆಸರು ಹೇಳಿ ಆಮೇಲೆ ಲೋಕೇಶ್ವರಿ ಎನ್ನುತ್ತಾ ದಾರ ಮುಗಿಸಿದರು. ಅದಕ್ಕೆ ನಾನು ಗಿಳಿ ಪೋಣಿಸಿದೆ. ಅಷ್ಟು ಚೆಂದದ ಹಾರ ಅದುವರೆಗೆ ನನ್ನ ಕೈಯಿಂದ ಆಗಿರಲಿಲ್ಲ.

ಟೀಚರರ ಹಾರ ನೋಡಿದವರೆಲ್ಲ ಅದೇ ದಾರ ಬೇಕೆಂದರು. ಎರಡನೆಯವರು ಹಾಸನೂರಿನ ನರ್ಸಮ್ಮ. ಅವರ ಹೆಸರು ಆರೋಗ್ಯಮೇರಿ. ಅತ್ತೆ ಹೆಸರೇನು ಎಂದಾಗ ನನ್ನ ಬಾಯಲ್ಲಿ ಮಾದೇವಮ್ಮ ಎಂದು ಬಂತು. ಮೂರನೆಯವರು ರಹಮತ್ತುನ್ನೀಸಾ. ಅವರನ್ನು ಗೌರಮ್ಮ ಮಾಡಿದೆ. ಪರಿಮಳಕ್ಕನ ಅಂಗಡಿಗೆ ಕಳಿಸಿದ ಹಾರವನ್ನು ಯಾರು ಕೊಂಡರೋ ನನಗೇ ಗೊತ್ತಿಲ್ಲ. ಆ ಗೊತ್ತಿಲ್ಲದವರಿಗೆಲ್ಲ ಹೊಸದಾಗಿ ಹೆಸರು ಹುಟ್ಟಿಸಬೇಕಾಯಿತು. ಬಿಂದುಶ್ರೀ ಬಂದದ್ದು ಹಾಗೆ. ಬರೀ ಹೆಸರು ಹೇಳಿ ಸುಮ್ಮನಿದ್ದಿದ್ದರೆ ಆಗಿತ್ತು. ಅತ್ತೆ, ಅವಳ್ಗೆ ಮಕ್ಳೆಷ್ಟು ಎಂದು ಕೇಳಿದರು. ಆಗಿಲ್ಲ ಎಂದೆ. ಅವತ್ತಿಂದ ಅತ್ತೆ ಬಿಂದುಶ್ರೀಗೆ ದಿನಾ ಎರಡು ಬಿಲ್ವಪತ್ರೆ ಹೆಚ್ಚಿಗೆ ಏರಿಸತೊಡಗಿದರು.

ಸತ್ಯಮಂಗಲದಿಂದ ನಾನು ಹಸಿರು, ಕೆಂಪು, ನೀಲಿ ನೂಲಿನ ಲಡಿ ತಂದೆ.

"ಇದೇನವ್ವ, ಅಸ್ರು ಶಿವದಾರವಾ?"

"ಈಗಿನೋರು ಸೀರೆಗೆ ಒಂದ್ಬೇಕು ಅಂತಾರೆ ಅತ್ತೆ."

ಅತ್ತೆ ಲಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಯಾವ ಬಣ್ಣದ್ದಾದ್ರೂ ಆಗ್ಲಿ. ಕಟ್ಕೊತಾವ್ರಲ್ಲ, ಅಷ್ಟು ಸಾಕು. ನಮ್ ಎಣ್ಮಕ್ಳು ಬುಟ್ಟೇ ಬುಟ್ರು ಅನ್ಕೊಂಡಿದ್ದೆ," ಎಂದು ಹಸಿರು ಲಡಿ ಬಿಚ್ಚಿದರು.

ಆವತ್ತು ಹೇಳಿಬಿಡಬೇಕು ಅನ್ನಿಸಿತು. ಬೆಳಿಗ್ಗೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ ಅತ್ತೆ ಪೂಜೆಯಲ್ಲಿ ಕೂತು ಒಂದೊಂದೇ ಹೆಸರು ಹೇಳುತ್ತಿದ್ದರು: ಲೋಕೇಶ್ವರಿ, ಮಾದೇವಮ್ಮ, ಗೌರಮ್ಮ, ಬಿಂದುಶ್ರೀ. ಪೂಜೆಯ ಮಧ್ಯೆ ಹೇಗೆ ಹೇಳುವುದು? ಪೂಜೆ ಆದ ಮೇಲೆ ರೊಟ್ಟಿ, ರೊಟ್ಟಿ ಆದ ಮೇಲೆ ಹೊಲ. ಹೀಗೆ ಇಪ್ಪತ್ತನಾಲ್ಕು ದಾರವಾಯಿತು. ಅಷ್ಟೂ ಹೆಸರು ಅತ್ತೆಗೆ ಬಾಯಿಪಾಠ. ಮರೆಯುವವಳು ನಾನು. ಗೌರಮ್ಮನ ಗಂಡ ಪೋಲೀಸಾ ಬಸ್ ಡ್ರೈವರಾ ಎಂದು ಅತ್ತೆ ಕೇಳಿದರೆ, ಹೋದ ಸಲ ಏನು ಹೇಳಿದ್ದೆ ಎಂದು ನಾನು ಬೆವರುತ್ತಿದ್ದೆ. ಫೋನಿನಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಬರೆದದ್ದು ಯಾವುದು ನಿಜದ ಹೆಸರು, ಯಾವುದು ನಾನು ಕೊಟ್ಟದ್ದು ಎಂಬುದೇ ತಿಳಿಯದಾಯಿತು. ಒಮ್ಮೆ ನರ್ಸಮ್ಮನನ್ನೇ ಬಸ್ ಸ್ಟ್ಯಾಂಡಿನಲ್ಲಿ "ಮಾದೇವಮ್ಮ" ಎಂದು ಕೂಗಿದೆ. ಅವರು ತಿರುಗಿ ನೋಡದಿದ್ದಾಗ ಏನು ಜಂಬ ಇವಳಿಗೆ ಎಂದು ಸಿಟ್ಟು ಮಾಡಿಕೊಂಡೆ.

ದೀಪಾವಳಿಗೆ ಮುಂಚೆ ಪರಿಮಳಕ್ಕನ ಫೋನ್ ಬಂತು. ದೀಪಾವಳಿಯ ಬೆನ್ನಿಗೆ ಬರುವ ಗುಮಟಾಪುರದ ಸಗಣಿ ಹಬ್ಬ ಮುಗಿದ ಮುಂದಿನ ವಾರ ಕೊಯಮತ್ತೂರಿನಲ್ಲಿ ಕಣ್ಕಾಚ್ಚಿ. ಹೆಂಗಸರು ಮಾಡಿದ ಸಾಮಾನುಗಳನ್ನು ಮಾರಾಟಕ್ಕಿಡುವ ಎರಡು ದಿನದ ಪ್ರದರ್ಶನ. ಅವರು ಮೇಜು ಹಿಡಿದಿದ್ದಾರಂತೆ, ನಾನೇ ಬಂದು ಕೂರಬೇಕಂತೆ, ಗಿಳಿಹಾರ ಇನ್ನೂ ಹನ್ನೆರಡು ಬೇಕಂತೆ.

ಒಂದೇ ಬಾರಿಗೆ ಹನ್ನೆರಡು ಹೆಸರು ಹೇಳಬೇಕಾಯಿತು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಒಬ್ಬೊಬ್ಬರನ್ನೇ ಹೇಳುತ್ತಾ ಹೋದೆ, ಅತ್ತೆ ಬೆರಳು ಮಡಿಸುತ್ತಾ ಹೋದರು. ಹನ್ನೊಂದಾದವು. ಹನ್ನೆರಡನೆಯದು ಏನು ಮಾಡಿದರೂ ಹೊಳೆಯಲಿಲ್ಲ.

"ಇನ್ನೊಂದು?" ಎಂದರು ಅತ್ತೆ.

"ಶಾಂಭವಿ," ಎಂದೆ.

ಅಂದ ಮೇಲೆ ನನ್ನ ಬಾಯಿಂದ ಏನು ಬಂತೆಂದು ನನಗೇ ಗೊತ್ತಾಯಿತು. ಶಾಂಭವಿ ಈ ಮನೆಯ ಮಗಳು, ನನ್ನ ಗಂಡನ ತಂಗಿ. ನಾನು ಮದುವೆಯಾಗಿ ಬರುವುದಕ್ಕೆ ಎರಡು ವರ್ಷ ಮೊದಲೇ, ಕೊಯಮತ್ತೂರಿನ ಬೇರೆ ಜಾತಿಯ ಹುಡುಗನನ್ನು ಮಾಡಿಕೊಂಡು ಹೊರಟುಹೋದವಳು. ಹೋಗುವ ದಿನ ಕೊರಳ ಲಿಂಗ ಬಿಚ್ಚಿ ದೇವರ ಗೂಡಿನಲ್ಲಿಟ್ಟು ಹೋದಳಂತೆ. ಮಾವ ಗುರುಸ್ವಾಮಿಯವರು, ಆ ಹೆಸರು ಈ ಮನೆಯಲ್ಲಿ ಬರಕೂಡದು ಎಂದರು. ಮಾವ ತೀರಿಹೋಗಿ ನಾಕು ವರ್ಷವಾದರೂ ಯಾರೂ ಹೆಸರೆತ್ತಲಿಲ್ಲ. ಆದರೆ ಅತ್ತೆ ದಿನಾ ತಮ್ಮ ಲಿಂಗದ ಜೊತೆಗೆ ಆ ಲಿಂಗಕ್ಕೂ ನೀರೆರೆದು, ವಿಭೂತಿ ಹಚ್ಚಿ, ಹೂವಿಟ್ಟು, ಬೆಳ್ಳಿಯ ಕರಡಿಗೆಯೊಳಗೆ ಮುಚ್ಚಿಡುತ್ತಾರೆ. ಆವತ್ತು ಬೆಳಿಗ್ಗೆ ಗೂಡು ಒರೆಸಿದವಳು ನಾನೇ. ಕರಡಿಗೆಯ ಮೇಲೆ ಕೆತ್ತಿದ 'ಶಾಂ' ಎಂಬ ಅಕ್ಷರ ಕಣ್ಣಿಗೆ ಬಿದ್ದಿತ್ತು. ಅದೇ ನಾಲಿಗೆಗೆ ಬಂದಿರಬೇಕು.

ಅತ್ತೆಯ ಮಡಿಸಿದ ಬೆರಳು ಹಾಗೇ ನಿಂತಿತ್ತು.

"ಕೇಳುದ್ಲಾ?" ಎಂದರು. ನಾನು ಉತ್ತರ ಕೊಡುವ ಮೊದಲೇ, "ನಿಂಗೆ ಫೋನ್ ಮಾಡಿದ್ಲಾ? ದಾರ ಬೇಕು ಅಂದ್ಲಾ?" ಎಂದರು.

ಬೇರೆ ಶಾಂಭವಿ, ಆ ಹೆಸರಿನವರು ಬೇಕಾದಷ್ಟು ಜನ ಎನ್ನಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಏಳು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ.

"ಊಂ," ಎಂದೆ.

ಎಸರು ಉಕ್ಕಿ ಒಲೆ ಆರಿತು. ಇಬ್ಬರೂ ಅತ್ತ ಹೋಗಲಿಲ್ಲ.

"ಎಲ್ರಿಗೂ ಎರಡು ಗೇಣು ಅಂದೆ ನೀನು. ಅವಳ್ಗೆ ಸಾಲ್ದು," ಎಂದರು ಅತ್ತೆ. "ಅವಳು ಉದ್ದ. ಅವಳ ಅಳ್ತೆ ನಂಗೊತ್ತು." ಕಣ್ಣು ಮುಚ್ಚಿ, ಎದುರಿಗೆ ಯಾರೋ ನಿಂತ ಹಾಗೆ ಗಾಳಿಯಲ್ಲಿ ಗೇಣು ಹಾಕಿದರು.

ಆ ಒಂದು ದಾರಕ್ಕೆ ಮೂರು ದಿನ ಹಿಡಿಯಿತು. ಎರಡು ಸಲ ಹುರಿ ಬಿಚ್ಚಿ ಮತ್ತೆ ಹೊಸೆದರು. ಬಣ್ಣದ ನೂಲು ಮುಟ್ಟಲಿಲ್ಲ. ಮೂರನೆಯ ದಿನ ಆ ಬಿಳೀ ದಾರಕ್ಕೆ ಗೂಡಿನಲ್ಲಿದ್ದ ಕರಡಿಗೆಯನ್ನು ಕಟ್ಟಿ, ಬಿಳೀ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಬರೀ ದಾರ ತಕೊಂಡು ಏನ್ ಮಾಡಾಳು? ಲಿಂಗ ಇಲ್ಲೇ ಅದಲ್ಲ. ಕೊಟ್ಬುಡು. ದಾರೀಲಿ ಎಲ್ಲೂ ಕೆಳ್ಗಿಡ್ಬ್ಯಾಡ, ಮಡ್ಲಲ್ಲೇ ಇಟ್ಕೊ."

ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರ ಈರುಳ್ಳಿ ಹೊಲಕ್ಕೆ ಹೋದೆ. ಗಂಡನಿಗೆ ಎಲ್ಲ ಹೇಳಿದೆ, ಬಿಂದುಶ್ರೀಯಿಂದ ಶಾಂಭವಿಯವರೆಗೆ.

"ನಿಂಗೇನ್ ತಲೆ ಕೆಟ್ಟದಾ?" ಎಂದರು. ಗುದ್ದಲಿ ಬಿಸಾಕಿದರು. "ಆ ಉಡ್ಗಿ ಕೇಳವ್ಳೆ ಅಂತ ಅವ್ವನ್ಗೆ ಏಳಿದ್ಯಲ್ಲ. ಅವಳು ಪ್ರತಿ ಸಲ ಫೋನಲ್ಲಿ ಅವ್ವ ಎಂಗವ್ಳೆ ಅಂತ ಕೇಳಾದು ಬುಟ್ರೆ ಇನ್ನೊಂದು ಕೇಳಕಿಲ್ಲ."

"ಪ್ರತಿ ಸಲವಾ?" ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. ವಿಷಯ ಹೊರಬಿತ್ತು. ದೀಪಾವಳಿಗೊಂದು, ಯುಗಾದಿಗೊಂದು, ಹೊಲದಲ್ಲಿ ನಿಂತು ಗುಟ್ಟಾಗಿ ತಂಗಿಗೆ ಫೋನ್ ಮಾಡುತ್ತಿದ್ದರಂತೆ. ಅಪ್ಪ ಹೋದ ಮೇಲೆ ಅವ್ವನಿಗೆ ಹೇಳಬೇಕೆಂದಿದ್ದರಂತೆ, ಅವ್ವ ಏನನ್ನುತ್ತಾರೋ ಎಂದು ಹೇಳಲಿಲ್ಲವಂತೆ. ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಬೈಯಿಸಿಕೊಳ್ಳಲು ಹೋದ ನಾನು ಬೈಯತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಯಾರು ಯಾರಿಗೆ ಯಾಕೆ ಬೈಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತಾಗದೆ ಬದುವಿನ ಮೇಲೆ ಕೂತೆವು. ಕೊನೆಗೆ ಅವರು ನಂಬರು ಕೊಟ್ಟು, "ನೀನೇ ಮಾಡ್ಕೊ. ನಾ ಸೇರ್ಕಿಲ್ಲ ಇದ್ರಲ್ಲಿ," ಎಂದು ಗುದ್ದಲಿ ಎತ್ತಿಕೊಂಡರು.

ಫೋನು ಮಾಡಿದೆ. ಏನು ಹೇಳಬೇಕೆಂದು ಕಲಿತುಕೊಂಡದ್ದೆಲ್ಲ ಮರೆಯಿತು. ನಿಮ್ಮಣ್ಣನ ಹೆಂಡತಿ, ಕೊಯಮತ್ತೂರಿಗೆ ಬರುತ್ತೇನೆ, ಕಣ್ಕಾಚ್ಚಿಗೆ ಬಾ ಎಂದಷ್ಟೇ ಹೇಳಿದೆ. ಆ ಕಡೆಯಿಂದ, "ಅವ್ವ ಚೆನ್ನಾಗವ್ಳಾ ಅತ್ತಿಗೆ?" ಎಂಬ ಮಾತು ಬಂತು. ಚೆನ್ನಾಗವ್ರೆ ಎಂದೆ.

ಸಗಣಿ ಹಬ್ಬ ಮುಗಿದ ಮುಂದಿನ ವಾರ ಬಸ್ಸು ಹತ್ತಿದೆ. ಗಿಳಿಗಳ ಪೆಟ್ಟಿಗೆ ಕಾಲಡಿ, ಬಟ್ಟೆಯ ಗಂಟು ಮಡಿಲಲ್ಲಿ. ದಿಂಬದ ಘಾಟಿಯ ತಿರುವುಗಳಲ್ಲಿ ನನಗೆ ಯಾವಾಗಲೂ ವಾಂತಿ. ಒಂದು ಕೈಯಲ್ಲಿ ಗಂಟನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು, ಕಿಟಕಿಯಿಂದ ತಲೆ ಹೊರಹಾಕಿ ಕಕ್ಕಿದೆ. ಪಕ್ಕದ ಮುದುಕ ತಮಿಳಿನಲ್ಲಿ, ಅದರಲ್ಲಿ ಏನಮ್ಮ ಚಿನ್ನವಾ ಎಂದು ಕೇಳಿದ. ಏನು ಹೇಳಲಿ? ಬಿಟ್ಟುಹೋದವಳ ಲಿಂಗ, ಅವಳು ಕೇಳದೆಯೇ ಕೊಡಲು ಹೋಗುತ್ತಿದ್ದೇನೆ ಎನ್ನಲೇ? ಅವಳು ತೆಗೆದುಕೊಂಡರೆ ಅತ್ತೆಗೆ ಹೇಳಿದ ಸುಳ್ಳು ನಿಜವಾಗಿ ನಾನು ಬದುಕಿಕೊಳ್ಳುತ್ತೇನೆ. ತೆಗೆದುಕೊಳ್ಳದಿದ್ದರೆ ಅತ್ತೆಯ ಮುಖ ಹೇಗೆ ನೋಡುವುದು? ಸತ್ಯಮಂಗಲ ಬರುವವರೆಗೂ ಅದೇ ಯೋಚನೆ. ಒಂದು ತಿರುವಿಗೆ ಹೀಗನ್ನಿಸಿದರೆ ಇನ್ನೊಂದು ತಿರುವಿಗೆ ಹಾಗನ್ನಿಸಿತು.

ಎರಡನೆಯ ದಿನ ಮಧ್ಯಾಹ್ನ ಅವಳು ಬಂದಳು. ಎತ್ತರದ ಹೆಂಗಸು, ಮೈ ತುಂಬಿಕೊಂಡಿದೆ, ಕತ್ತಿನಲ್ಲಿ ಹೊಲಿಗೆಯ ಅಳತೆ ಟೇಪು ಹಾಗೇ ನೇತಾಡುತ್ತಿದೆ. ಯಾವುದೋ ಗಾರ್ಮೆಂಟಿನಲ್ಲಿ ಕೆಲಸವಂತೆ, ಊಟದ ಬಿಡುವಿನಲ್ಲಿ ಬಂದಿದ್ದಳು. ಮೊದಲು ಒಂದು ಗಿಳಿಹಾರ ಎತ್ತಿಕೊಂಡು, ಗಿಳಿಯನ್ನು ಬಿಟ್ಟು ದಾರವನ್ನು ಬೆರಳಲ್ಲಿ ಉಜ್ಜಿದಳು.

"ಅತ್ತಿಗೆ, ಈ ದಾರದ್ ಉರಿ ಅವ್ವಂದು," ಎಂದಳು. "ಅವ್ವ ಗಿಳಿಗೆ ದಾರ ಒಸೀತಾವ್ಳಾ?"

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ಆರೋಗ್ಯಮೇರಿ ಮಾದೇವಮ್ಮ ಆದದ್ದಕ್ಕೆ ನಕ್ಕಳು. ಬಿಂದುಶ್ರೀಗೆ ಬಿಲ್ವಪತ್ರೆ ಏರಿಸುವುದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹನ್ನೆರಡನೆಯ ಹೆಸರು ಹೇಳಿದಾಗ ನಗು ನಿಂತಿತು.

"ನಾ ಕೇಳ್ಳಿಲ್ವಲ್ಲ ಅತ್ತಿಗೆ."

"ಗೊತ್ತು."

"ಅವ್ವಂಗೆ ಗೊತ್ತಾ?"

"ಇಲ್ಲ. ತಪ್ಪು ನಂದೇ," ಎಂದು ಗಂಟು ಕೊಟ್ಟೆ.

ಬಿಚ್ಚಿದಳು. ಕರಡಿಗೆ ಫಳಫಳ ಎನ್ನುತ್ತಿತ್ತು. ಸಂದಿನಲ್ಲಿ ವಿಭೂತಿ ಹಸಿಯಾಗಿ ಕೂತಂತಿತ್ತು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, "ಕಪ್ಪಾಗಿರ್ತದೆ ಅನ್ಕೊಂಡಿದ್ದೆ," ಎಂದಳು. ಆಮೇಲೆ ಟೇಪು ತೆಗೆದು ಮೇಜಿನ ಮೇಲಿಟ್ಟು, ದಾರವನ್ನು ತಲೆಯಿಂದ ಇಳಿಸಿಕೊಂಡಳು. ಎದೆಗೆ ಬರಬೇಕಾದ ಲಿಂಗ ಗಂಟಲ ಗುಳಿಯ ಸ್ವಲ್ಪ ಕೆಳಗೇ ನಿಂತಿತು.

"ಆಗ ನಾ ಕಡ್ಡಿ ಇದ್ದಂಗಿದ್ದೆ," ಎಂದಳು. ಹೇಳುತ್ತಾ ಅತ್ತಳು. ನನಗೂ ಅಳು ಬಂತು. ಪಕ್ಕದ ಮೇಜಿನ ಉಪ್ಪಿನಕಾಯಿಯವಳು ನಮ್ಮನ್ನೇ ನೋಡುತ್ತಿದ್ದಳು, ಅವಳಿಗೆ ಒಂದು ಗಿಳಿ ಕೊಟ್ಟು ಅತ್ತ ಕಳಿಸಿದೆ.

ಬಿಡುವು ಮುಗಿಯುತ್ತಾ ಬಂದಿತ್ತು. ಶಾಂಭವಿ ಕರಡಿಗೆಯನ್ನು ದಾರದಿಂದ ಬಿಚ್ಚಿ, ಬಟ್ಟೆಯಲ್ಲಿ ಮೊದಲಿದ್ದ ಹಾಗೇ ಸುತ್ತಿ ನನ್ನ ಮಡಿಲಲ್ಲಿಟ್ಟಳು. ಬರೀ ದಾರ ಅವಳ ಕೊರಳಲ್ಲೇ ಉಳಿಯಿತು.

"ಅತ್ತೆಗೆ ಏನಂತ ಏಳ್ಲಿ?" ಎಂದೆ.

"ಗೊತ್ತಿಲ್ಲ ಅತ್ತಿಗೆ. ನಂತಾವ ಇದ್ರೆ ಬೀರುಲಿರ್ತದೆ. ಅಲ್ಲಿದ್ರೆ ದಿನಾ ನೀರು ಕಾಣ್ತದೆ," ಎಂದವಳು ಟೇಪು ಎತ್ತಿಕೊಂಡು, ಚೂಡಿದಾರದ ವೇಲನ್ನು ಕತ್ತಿನ ಸುತ್ತ ಎಳೆದುಕೊಂಡು ಹೊರಟಳು.

ಮಾರನೆಯ ದಿನ ಮನೆ ಸೇರಿದಾಗ ಅತ್ತೆ ಜಗುಲಿಯ ಮೇಲೆ ಕೂತಿದ್ದರು. ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದರು.

"ಸಿಗ್ಲಿಲ್ವಾ?"

"ಸಿಕ್ಕುದ್ಲು ಅತ್ತೆ."

"ಮತ್ತೆ ಇದು?"

ನನಗೆ ಇನ್ನು ಸಾಕಾಗಿತ್ತು. ಅವರ ಕಾಲ ಹತ್ತಿರ ನೆಲದ ಮೇಲೆ ಕೂತು, ಬಿಂದುಶ್ರೀ ಇಲ್ಲ, ಗೌರಮ್ಮ ಎಂದರೆ ರಹಮತ್ತುನ್ನೀಸಾ, ಮಾದೇವಮ್ಮ ಎಂದರೆ ನರ್ಸಮ್ಮ ಆರೋಗ್ಯಮೇರಿ, ದಾರವೆಲ್ಲ ಹೋದದ್ದು ಮಣ್ಣಿನ ಗಿಳಿಗಳಿಗೆ ಎಂದು ಒಂದೇ ಉಸಿರಿಗೆ ಹೇಳಿದೆ. ಅತ್ತೆಯ ಮುಖ ಬಿಗಿಯಾಗುತ್ತಾ ಹೋಯಿತು.

"ಅಂಗಾರೆ ದಿನಾ ಬೆಳಿಗ್ಗೆ ನಾ ಬೇಡ್ಕೊಂಡದ್ದು ಯಾರ್ಗೆ?"

ನಾನು ಕೈಯಲ್ಲಿದ್ದ ಗಂಟನ್ನು ಮಡಿಲಿಗೆ ಒತ್ತಿಕೊಂಡೆ.

"ಆರೋಗ್ಯಮೇರಿ ಅಂತ ಏಳಿದ್ರೆ ಅದ್ನೇ ಅಂತಿದ್ನಲ್ಲ. ನಂಗೇನು ನಾಲ್ಗೆ ಇರ್ಲಿಲ್ವಾ? ಆ ನರ್ಸಮ್ಮಂಗೆ ಒಳ್ಳೇದಾಗ್ಲಿ ಅಂದ್ರೆ ಶಿವ ಬ್ಯಾಡ ಅಂತಿದ್ನಾ?" ಎಂದರು ಅತ್ತೆ. "ಗಿಳಿಗೆ ಒಸೀತಿದ್ನೋ ಇಲ್ವೋ, ಅದ ನಾ ಏಳ್ಬೇಕಾಗಿತ್ತು ಕಣ. ನೀನೇ ಕೇಳಿ ನೀನೇ ಇಲ್ಲ ಅನ್ಕೊಂಡ್ಯಲ್ಲ. ನಾನೇನು ಈ ಮನೇಲಿ ಕಲ್ಲಾ?"

ಆ ಮಾತು ತಾಗಿತು. ಇಷ್ಟು ದಿನ ನಾನು ಹೆದರಿಕೊಂಡು ಮುಚ್ಚಿಟ್ಟದ್ದನ್ನು ಒಂದು ದಿನ ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು ಎಂದು ಆಗ ಗೊತ್ತಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಮೇಲೆ ಅತ್ತೆ, "ಅವ್ರದೆಲ್ಲ ಸುಳ್ಳಾದ್ರೆ ಆಗ್ಲಿ. ಶಾಂಭವಿದು?" ಎಂದರು.

"ಅದೂ ಸುಳ್ಳೇ ಅತ್ತೆ. ಅವಳು ಕೇಳಿರ್ಲಿಲ್ಲ. ನನ್ ಬಾಯಿ ಜಾರ್ತು."

ಅತ್ತೆ ಗಂಟನ್ನು ತೆಗೆದುಕೊಂಡು ಬಿಚ್ಚಿದರು. ಕರಡಿಗೆ ಒಂದೇ ಇತ್ತು. ಬಟ್ಟೆಯನ್ನು ಕೊಡವಿದರು, ಮಡಿಕೆಯೊಳಗೆ ಕೈಯಾಡಿಸಿದರು.

"ದಾರ ಎಲ್ಲಿ?"

"ಅವಳು ಇಟ್ಕೊಂಡ್ಳು. ಕೊರಳಿಗೆ ಆಕೊಂಡ್ಳು. ಗಿಡ್ಡ ಆಯ್ತು."

"ಗಿಡ್ಡವಾ?" ಎಂದರು. ಅಷ್ಟೆಲ್ಲ ಕೇಳಿಯೂ ಅಳದವರಿಗೆ ಈಗ ಕಣ್ಣು ತುಂಬಿತು. ಕರಡಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ, "ದಾರ ಇಟ್ಕೊಂಡು ಲಿಂಗ ಕಳ್ಸವ್ಳೆ ಅಂದ್ರೆ ಏನವ್ವ ಅದು? ಬ್ಯಾಡ ಅಂತ್ಲಾ? ನೀನೇ ನೋಡ್ಕೊ ಅವ್ವ ಅಂತ್ಲಾ?" ಎಂದರು.

ಹಿಂದೆ ಆಗಿದ್ದರೆ ಅವರಿಗೆ ಹಿತವಾಗುವಂಥದ್ದು ಏನಾದರೊಂದು ಹೇಳಿಬಿಡುತ್ತಿದ್ದೆ. "ಗೊತ್ತಿಲ್ಲ ಅತ್ತೆ," ಎಂದೆ.

"ಫೋನ್ ಆಕ್ಕೊಡು."

"ಯಾರ್ಗತ್ತೆ?"

"ಇನ್ಯಾರ್ಗೆ? ಆಕು."

ನಂಬರು ಒತ್ತಿ, ಜೋರಾಗಿ ಕೇಳಿಸುವ ಹಾಗೆ ಮಾಡಿ ಅವರ ಕೈಗೆ ಕೊಟ್ಟೆ. ಹೊಲದಿಂದ ಬಂದ ನನ್ನ ಗಂಡ ಅಂಗಳದಲ್ಲೇ ನಿಂತರು. ನಾಕು ಸಲ ರಿಂಗಾಯಿತು. ಹೊಲಿಗೆ ಮೆಷಿನ್ನುಗಳ ಸದ್ದಿನ ನಡುವೆ, "ಏಳಿ ಅತ್ತಿಗೆ, ಊರು ಸೇರುದ್ರಾ?" ಎಂದು ಶಾಂಭವಿಯ ಧ್ವನಿ ಬಂತು.

ಅತ್ತೆ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡರು.

"ಅತ್ತಿಗೆ? ಕೇಳುಸ್ತಾ ಅದಾ?"

"ನಾನು ಕಣ," ಎಂದರು ಅತ್ತೆ. "ದಾರ ಗಿಡ್ಡ ಆಯ್ತಂತಲ್ಲ. ಎಷ್ಟು ಸಾಲ್ದು?"

ಆ ಕಡೆ ಮೆಷಿನ್ನುಗಳ ಸದ್ದಷ್ಟೇ ಕೇಳುತ್ತಿತ್ತು. ಅದೂ ದೂರವಾಯಿತು, ಎದ್ದು ಹೊರಗೆ ಹೋದಳೆಂದು ಕಾಣುತ್ತದೆ. ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಸಣ್ಣಗೆ, "ನಾಕು ಬೆರಳು ಅವ್ವ," ಎಂದು ಕೇಳಿಸಿತು.

"ಯಾರ ಬೆರಳು? ನಿಂದಾ, ನಂದಾ?"

"ಗೊತ್ತಿಲ್ಲ ಅವ್ವ."

"ಅಂಗಂದ್ರೆ ಆಗಕಿಲ್ಲ," ಎಂದರು ಅತ್ತೆ. "ಬಂದು ನಿಂತ್ಕೊ. ಅಳೀಬೇಕು."

ಶಾಂಭವಿ ಫೋನನ್ನು ಇಡಲಿಲ್ಲ. ಅತ್ತೆಯೂ ಅದನ್ನು ನನಗೆ ವಾಪಸ್ಸು ಕೊಡದೆ ಕಿವಿಗೆ ಹಿಡಿದುಕೊಂಡೇ ಕೂತರು.